ಮಾಯದ ಹುಣ್ಣು, ನಿಲ್ಲದ ಖಾನಾವಳಿ: ನನ್ನ ಅನುಭವ

«ಅಕ್ಕಾರ, ಇನ್ನೂ ಮಾಯ್ದಿಲ್ಲೇನ್ರಿ?» ಕಾಲಿನ ಹುಣ್ಣು ಇದ್ದವರನ್ನು ಎಲ್ಲರೂ ಕೇಳುವುದು ಇದನ್ನೇ. ಮಾಯುವ ತನಕ ದಿನ ಹೇಗೆ ಕಳೆಯುತ್ತೀರಿ ಅಂತ ಯಾರೂ ಕೇಳುವುದಿಲ್ಲ. ವಾಸನೆ, ಸೋರುವ ನೀರು, ನೋವು, ತುರಿಕೆ ಇವು ಹಿಡಿತಕ್ಕೆ ಬಂದ ಮೇಲೆಯೇ ನಾನು ಮತ್ತೆ ನಾಲ್ಕು ಜನರ ನಡುವೆ ಕೂತಿದ್ದು. ಹಾಗಾಗಿ ಅದನ್ನೇ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಖಾನಾವಳಿ ಇದೆ. ಬೆಳಗಿನಿಂದ ಒಲೆ ಮುಂದೆ ನಿಂತೇ ಕೆಲಸ. ಹುಣ್ಣು ಇರುವುದು ಎಡಗಾಲಿನ ಒಳಮಗ್ಗುಲಲ್ಲಿ, ಪಾದದ ಗಂಟಿನ ಸ್ವಲ್ಪ ಮೇಲೆ. ಸುತ್ತಲಿನ ಚರ್ಮ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದೆ. ಡಾಕ್ಟರು ಹೇಳಿದ್ದು ಇಷ್ಟು: ಕಾಲಿನ ರಕ್ತ ಮೇಲೇರುವ ನಾಳಗಳಲ್ಲಿ ವಾಲ್ವ್‌ಗಳಿರುತ್ತವೆ. ಬಾವಿ ಪಂಪಿನ ಫುಟ್‌ವಾಲ್ವ್ ಕೆಟ್ಟರೆ ಎತ್ತಿದ ನೀರು ವಾಪಸ್ ಇಳಿಯುತ್ತದಲ್ಲ, ಹಾಗೆ ರಕ್ತ ಕೆಳಗೇ ನಿಲ್ಲುತ್ತದೆ. ಆ ಒತ್ತಡಕ್ಕೆ ಕಾಲು ಬಾತು ಚರ್ಮ ಒಡೆಯುತ್ತದೆ. ಅಂದರೆ ಮುಲಾಮು ಎಷ್ಟು ಹಚ್ಚಿದರೂ ಒತ್ತಡ ಇಳಿಯದೆ ಗಾಯ ಮಾಯುವುದಿಲ್ಲ.

ಆದ್ದರಿಂದ ಬಿಗಿ ಪಟ್ಟಿಯೇ ಮುಖ್ಯ ಔಷಧಿ. ಆದರೆ ದಯವಿಟ್ಟು ನೀವಾಗಿಯೇ ಕಟ್ಟಿಕೊಳ್ಳಬೇಡಿ. ಮೊದಲು ಡಾಪ್ಲರ್ (ರಕ್ತ ಹರಿಯುವ ಸದ್ದು ಕೇಳಿಸುವ ಸಣ್ಣ ಯಂತ್ರ) ಇಟ್ಟು ಪಾದದ ಗಂಟಿನ ಹತ್ತಿರದ ಬಿಪಿಯನ್ನು ಕೈಯ ಬಿಪಿಯಿಂದ ಭಾಗಿಸಿ ನೋಡುತ್ತಾರೆ. ಅದು 0.8ಕ್ಕಿಂತ ಕಡಿಮೆ ಇದ್ದರೆ ಕಾಲಿಗೆ ಇಳಿಯುವ ರಕ್ತವೇ ಸಾಲದು ಅಂತ ಅರ್ಥ. ಅಂಥವರಿಗೆ ಬಿಗಿ ಪಟ್ಟಿ ಕಾಲನ್ನೇ ಕಳೆಯಬಹುದು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಈ ಅಂಕಿ ಸುಳ್ಳೇ ಜಾಸ್ತಿ ತೋರಿಸುವುದೂ ಉಂಟು.

ನನ್ನ ಪಟ್ಟಿಯನ್ನು ಸಿಸ್ಟರ್ ಕಾಲ್ಬೆರಳಿನ ಬುಡದಿಂದ ಮೊಣಕಾಲಿನ ಕೆಳಗಿನವರೆಗೆ ಕಟ್ಟುತ್ತಾರೆ. ಬೆರಳು ನೀಲಿಯಾದರೆ, ಜೋಮು ಹಿಡಿದರೆ, ನೋವು ಏರಿದರೆ ತಕ್ಷಣ ಬಿಚ್ಚಬೇಕು. «ಅಷ್ಟಕ್ಕ ನಮ್ಮ ಹಾದಿ ಕಾಯಬ್ಯಾಡ್ರಿ» ಅಂತ ಅವರೇ ಹೇಳಿದ್ದಾರೆ. ಏಪ್ರಿಲ್, ಮೇ ತಿಂಗಳಲ್ಲಿ ಒಲೆ ಮುಂದೆ ಈ ಪಟ್ಟಿ ನಿಜಕ್ಕೂ ಕಷ್ಟ. ಈಗ ರೊಟ್ಟಿ ಬಡಿಯುವ ಕೆಲಸ ಸೊಸೆಯದು. ಪಲ್ಯ ಹೆಚ್ಚುವುದು, ಕಾಳು ಆರಿಸುವುದು ನನ್ನದು, ಅದೂ ಕಾಲನ್ನು ಸ್ಟೂಲ್ ಮೇಲಿಟ್ಟುಕೊಂಡು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಅರ್ಧ ತಾಸು ಮಲಗಿ, ಕಾಲನ್ನು ದಿಂಬಿನ ಮೇಲೆ ಎದೆಗಿಂತ ಎತ್ತರಕ್ಕಿಡುತ್ತೇನೆ. ಅಷ್ಟರಲ್ಲೇ ಬಾವು ಇಳಿದದ್ದು ಕಣ್ಣಿಗೆ ಕಾಣುತ್ತದೆ. ಧಾರವಾಡಕ್ಕೆ ಹೋಗುವಾಗ ಚಿಗರಿ ಬಸ್ಸಿನಲ್ಲಿ ನಿಲ್ಲಬೇಕಾಗಿ ಬಂದರೆ ಹಿಮ್ಮಡಿ ಎತ್ತಿ ಇಳಿಸುತ್ತಿರುತ್ತೇನೆ. ಮೀನಖಂಡ ಆಡಿದಾಗಲೇ ರಕ್ತ ಮೇಲೇರುವುದು.

ಇನ್ನು ವಾಸನೆ. ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕುಗ್ಗಿಸಿದ್ದು ಇದೇ. ಅನ್ನ ಬಡಿಸುವ ಜಾಗದಲ್ಲಿ ಗಾಯದ ವಾಸನೆ ಬಂದರೆ ಮನಸ್ಸಿಗೆ ಹೇಗಾಗಬೇಡ? ಅತ್ತರು, ಊದುಬತ್ತಿ ಯಾವುದೂ ಇದಕ್ಕೆ ಉತ್ತರವಲ್ಲ. ವಾಸನೆ ಬರುವುದು ಗಾಯದ ಸತ್ತ ಪದರದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದಿಂದ. ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಿದೆ. ಅವರು ಸತ್ತ ಪದರ ತೆಗೆದು, ಕೆಲವು ದಿನ ಮೆಟ್ರೊನಿಡಜೋಲ್ ಜೆಲ್ ಹಚ್ಚಿಸಿದರು. ವಾಸನೆ ಅಡಗಿತು. ನಾಚಿಕೆಯಿಂದ ಇದನ್ನು ಮುಚ್ಚಿಟ್ಟುಕೊಳ್ಳುವ ಹೆಣ್ಣುಮಕ್ಕಳು ಎಷ್ಟೋ ಜನ ಇದ್ದಾರೆ. ಹೇಳಿ, ಔಷಧಿ ಇದೆ.

ನೀರು ಸೋರುವುದಕ್ಕೆ ಫೋಮ್ ಡ್ರೆಸಿಂಗ್ ಹಾಕುತ್ತಾರೆ, ಹತ್ತಿ ಅಲ್ಲ. ಹತ್ತಿಯ ಎಳೆ ಗಾಯಕ್ಕೆ ಅಂಟುತ್ತದೆ, ಕೀಳುವಾಗ ಜೀವ ಹೋಗುತ್ತದೆ. ಸುತ್ತಲಿನ ಚರ್ಮ ನೆನೆದು ಬೆಳ್ಳಗಾಗದಂತೆ ತೆಳುವಾಗಿ ವ್ಯಾಸಲೀನ್ ಸವರುತ್ತೇವೆ. ಕೆರೆತಕ್ಕೂ ಅದೇ ಒಳ್ಳೆಯದು, ಪರಿಮಳದ ಕ್ರೀಮುಗಳು ಚರ್ಮವನ್ನು ಇನ್ನಷ್ಟು ಕೆರಳಿಸುತ್ತವೆ. ಅರಿಶಿಣ, ಬೇವಿನ ಪುಡಿ ತಂದುಕೊಡುವವರಿಗೆ ಕೈ ಮುಗಿದು ಬೇಡ ಅನ್ನುತ್ತೇನೆ. ಡ್ರೆಸಿಂಗ್ ಬಿಚ್ಚುವ ಮುಕ್ಕಾಲು ಗಂಟೆ ಮೊದಲು, ಡಾಕ್ಟರು ಹೇಳಿದ ಪ್ರಕಾರ, ಪ್ಯಾರಾಸಿಟಮಾಲ್ ತೆಗೆದುಕೊಳ್ಳುತ್ತೇನೆ. ರಾತ್ರಿ ನಿದ್ದೆ ಕೆಡುವಷ್ಟು ನೋವಿದ್ದರೆ ಅದನ್ನೂ ಹೇಳಬೇಕು, ಸಹಿಸುವುದರಲ್ಲಿ ಏನೂ ದೊಡ್ಡಸ್ತಿಕೆ ಇಲ್ಲ.

ಊಟದಲ್ಲಿ ಮಡಿಕೆಕಾಳು, ಹೆಸರುಕಾಳು, ಮೊಸರು, ಶೇಂಗಾ ಹಿಂಡಿ ಬಿಟ್ಟಿಲ್ಲ. ಗಾಯ ತುಂಬಲು ಪ್ರೋಟೀನ್ ಬೇಕು.

ಕೆಂಪು ಹರಡಿದರೆ, ಕಾಲು ಬಿಸಿಯಾದರೆ, ಜ್ವರ ಬಂದರೆ ಮಾತ್ರ ಮನೆಯಲ್ಲಿ ಕೂರಬಾರದು, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ನನ್ನ ಹುಣ್ಣು ಈಗ ಮೊದಲಿಗಿಂತ ಸಣ್ಣದಾಗಿದೆ. ಕೆಟ್ಟ ನಾಳವನ್ನು ಲೇಸರ್‌ನಿಂದ ಮುಚ್ಚುವ ಮಾತು ನಡೆದಿದೆ. ಹುಣ್ಣು ಇರುವಾಗಲೇ ಬೇಗ ಮುಚ್ಚಿದರೆ ಬೇಗ ಮಾಯುತ್ತದೆ ಅಂತ ಬ್ರಿಟನ್ನಿನ 2018ರ ಒಂದು ಅಧ್ಯಯನ ತೋರಿಸಿದೆಯಂತೆ. ಪೂರ್ತಿ ಮಾಯ್ದ ಮೇಲೂ ಬಿಗಿ ಕಾಲುಚೀಲ ಬಿಡುವಂತಿಲ್ಲ, ಬಿಟ್ಟರೆ ಹುಣ್ಣು ಮರಳಿ ಬರುವುದು ಜಾಸ್ತಿ. ಎಲಾಸ್ಟಿಕ್ ಸಡಿಲಾಗುವುದರಿಂದ ಅದನ್ನು ಆರು ತಿಂಗಳೊಳಗೆ ಬದಲಿಸಬೇಕು. ಆ ಖರ್ಚಿಗೆ ಗಲ್ಲೆಯಿಂದ ಈಗಿನಿಂದಲೇ ಸ್ವಲ್ಪ ತೆಗೆದಿಡುತ್ತಿದ್ದೇನೆ.