ವಿದೇಶದಿಂದ ಮುಂಬೈ, ಪುಣೆ, ಗೋವಾಕ್ಕೆ ಫೋನ್ ಮಾಡುವ ಸರಿಯಾದ ಕ್ರಮ

ಮಾಟುಂಗಾ, ಡೊಂಬಿವಲಿಯ ಕನ್ನಡಿಗರ ಮನೆಗಳಲ್ಲಿ ಮಗನೋ ಮಗಳೋ ದುಬೈಯಲ್ಲೋ ಅಮೆರಿಕದಲ್ಲೋ ಇರುವುದು ಈಗ ಸಾಮಾನ್ಯ. ಮನೆಯವರೊಡನೆ ಮಾತಿಗೆ ವಾಟ್ಸಾಪ್ ಸಾಕಾದರೂ ಆಸ್ಪತ್ರೆಯ, ಬ್ಯಾಂಕಿನ ಅಥವಾ ಹೌಸಿಂಗ್ ಸೊಸೈಟಿಯ ಲ್ಯಾಂಡ್‌ಲೈನಿಗೆ ಅಲ್ಲಿಂದ ಕರೆ ಮಾಡಬೇಕಾದ ತುರ್ತು ಬಂದೇ ಬರುತ್ತದೆ. ಅಂಥ ಕರೆಗಳು ಕೈಕೊಡುವುದು ಹೆಚ್ಚಾಗಿ ಒಂದು ಸೊನ್ನೆಯಿಂದ.

ಮುಂಬೈಯ ನಂಬರನ್ನು ನಾವೆಲ್ಲ 022 ಎಂದೇ ಬರೆದಿಟ್ಟುಕೊಳ್ಳುತ್ತೇವೆ. ಆದರೆ ಊರಿನ ಕೋಡ್ 22 ಮಾತ್ರ. ಅದರ ಮುಂದಿನ ಸೊನ್ನೆ, ಕರೆ ದೇಶದೊಳಗೇ ಬೇರೆ ಊರಿಗೆ ಹೋಗಬೇಕೆಂದು ಎಕ್ಸ್‌ಚೇಂಜಿಗೆ ತಿಳಿಸಲು ಇರುವಂಥದ್ದು. ಹೊರದೇಶದಿಂದ ಮಾಡುವಾಗ ಅದನ್ನು ಬಿಡಲೇಬೇಕು. ಮೊದಲು ನೀವಿರುವ ದೇಶದಿಂದ ಹೊರಹೋಗುವ ಕೋಡ್, ಆಮೇಲೆ ಭಾರತದ 91, ಆಮೇಲೆ ಸೊನ್ನೆಯಿಲ್ಲದ ಊರಿನ ಕೋಡ್, ಕೊನೆಗೆ ನಂಬರು: ಇದೇ ಕ್ರಮ.

ಹೊರಹೋಗುವ ಕೋಡ್ ಕೊಲ್ಲಿ ರಾಷ್ಟ್ರಗಳಲ್ಲಿ ಮತ್ತು ಬ್ರಿಟನ್ನಿನಲ್ಲಿ 00, ಅಮೆರಿಕ ಹಾಗೂ ಕೆನಡಾದಲ್ಲಿ 011, ಆಸ್ಟ್ರೇಲಿಯಾದಲ್ಲಿ 0011. ಅಮೆರಿಕದ 011 ನೋಡಿದೊಡನೆ ನಮಗೆ ದೆಹಲಿಯ ಎಸ್‌ಟಿಡಿ ಕೋಡ್ ನೆನಪಾಗುತ್ತದೆ, ಎರಡಕ್ಕೂ ಸಂಬಂಧವಿಲ್ಲ. ಹೀಗಾಗಿ ದುಬೈಯ ಲ್ಯಾಂಡ್‌ಲೈನಿನಿಂದ ಮುಂಬೈಗೆ 00 91 22, ಅಮೆರಿಕದಿಂದ 011 91 22 ಒತ್ತಿ, ಮುಂದೆ ಎಂಟಂಕಿಯ ನಂಬರು ಹಾಕಬೇಕು. ಪುಣೆಗಾದರೆ 22ರ ಬದಲು 20. ಗೋವಾದ ಕೋಡ್ 832, ಅದರ ಮುಂದೆ ಏಳೇ ಅಂಕಿ. ಪಣಜಿಗೂ ಮಡಗಾಂವಿಗೂ ವಾಸ್ಕೋಗೂ ಅದೊಂದೇ. ಪಕ್ಕದ ಬೆಳಗಾವಿಯದು 831 ಆಗಿರುವುದರಿಂದ ಎರಡೂ ಕಡೆ ನೆಂಟರಿರುವವರು ಆ ಕೊನೆಯ ಅಂಕಿಯನ್ನು ಗಮನಿಸಿ ಬರೆದುಕೊಳ್ಳಬೇಕು. ಠಾಣೆಗೂ ಮುಂಬೈಯ 22 ನಡೆಯುತ್ತದೆ, ಆದರೆ ಕಲ್ಯಾಣ್-ಡೊಂಬಿವಲಿಗೆ 251. ಕೋಡ್ ಮತ್ತು ನಂಬರು ಕೂಡಿ ಹತ್ತಂಕಿ ಆಗದಿದ್ದರೆ ಎಲ್ಲೋ ತಪ್ಪಿದೆ ಎಂದೇ ತಿಳಿಯಿರಿ. ಮೊಬೈಲಿಗೆ ಊರಿನ ಕೋಡ್ ಬೇಡ; 91ರ ಮುಂದೆ ನೇರವಾಗಿ ಹತ್ತಂಕಿ.

ಮೊಬೈಲಿನಿಂದಲೇ ಕರೆ ಮಾಡುವವರಿಗೆ ಇನ್ನೂ ಸುಲಭದ ದಾರಿಯಿದೆ. ಸೊನ್ನೆಯ ಗುಂಡಿಯನ್ನು ಒತ್ತಿ ಹಿಡಿದರೆ + ಗುರುತು ಬರುತ್ತದೆ, ಮತ್ತು ಯಾವ ದೇಶದಲ್ಲಿದ್ದರೂ ಅಲ್ಲಿನ ಹೊರಹೋಗುವ ಕೋಡಿನ ಕೆಲಸವನ್ನು ಆ ಗುರುತೇ ಮಾಡುತ್ತದೆ. ಆದ್ದರಿಂದ ಪ್ರಯಾಣಕ್ಕೆ ಮುಂಚೆಯೇ ಮುಖ್ಯವಾದ ನಂಬರುಗಳನ್ನೆಲ್ಲ +91 ಸೇರಿಸಿ, ಸೊನ್ನೆ ತೆಗೆದು ಸೇವ್ ಮಾಡಿಕೊಳ್ಳಿ. ಹಾಗೆ ಸೇವ್ ಮಾಡಿದ ನಂಬರು ಭಾರತದೊಳಗೂ ಸರಿಯಾಗಿಯೇ ಹೋಗುತ್ತದೆ. ಹಿರಿಯರ ಫೋನಿನಲ್ಲಿ ಈ ಕೆಲಸವನ್ನು ಮನೆಯ ಕಿರಿಯರು ಕೂತು ಮಾಡಿಕೊಟ್ಟರೆ ಬಹಳ ಉಪಕಾರ.

ಇಲ್ಲಿಂದ ಅಲ್ಲಿಗೆ ಮಾಡುವಾಗಲೂ ಇದೇ ಲೆಕ್ಕ: ಬ್ರಿಟನ್ನಿನ ಮೊಬೈಲ್ ನಂಬರು ಅಲ್ಲಿ 07 ಎಂದು ಶುರುವಾದರೆ ನಾವು +44 7 ಎಂದು ಒತ್ತಬೇಕು. ಇಟಲಿ ಇದಕ್ಕೆ ಹೊರತು. ಅಲ್ಲಿನ ಲ್ಯಾಂಡ್‌ಲೈನಿನ ಸೊನ್ನೆ ನಂಬರಿನದೇ ಭಾಗವಾದ್ದರಿಂದ ರೋಮಿಗೆ +39 06 ಎಂದೇ ಒತ್ತಬೇಕು.

1800ರಿಂದ ಶುರುವಾಗುವ ನಮ್ಮ ಟೋಲ್‌ಫ್ರೀ ನಂಬರುಗಳು ಸಾಮಾನ್ಯವಾಗಿ ಹೊರದೇಶದಿಂದ ಸಿಗುವುದಿಲ್ಲ. ನಿಮ್ಮ ಬ್ಯಾಂಕಿನ ಮತ್ತು ವಿಮಾ ಕಂಪನಿಯ ಮಾಮೂಲಿ ನಂಬರನ್ನು ಹೊರಡುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.