ಹೋಂವರ್ಕ್ ಹೊತ್ತಿನ ರಂಪ: ಮೊದಲು ಮಗು ಶಾಂತವಾಗಲಿ, ಪಾಠ ಆಮೇಲೆ

ಸಂಜೆ ಶಾಲೆಯಿಂದ ಬಂದ ಮಗು ಬ್ಯಾಗ್ ಎಸೆಯುತ್ತದೆ. "ಹೋಂವರ್ಕ್ ಮಾಡು" ಅಂದರೆ ಸಾಕು, ಅಳು, ಕಿರುಚಾಟ. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ), ಆಟಿಸಂ (ಬೆರೆಯುವುದು, ಸದ್ದು-ಸ್ಪರ್ಶ ತಾಳುವುದು ಕಷ್ಟವಾಗುವ ಸ್ಥಿತಿ), ಡಿಸ್ಲೆಕ್ಸಿಯಾ (ಓದು-ಬರಹ ಕಷ್ಟವಾಗುವ ತೊಂದರೆ) ಇರುವ ಮಕ್ಕಳ ಮನೆಯಲ್ಲಿ ಇದು ದಿನಾ ನಡೆಯುವ ಕತೆ. ನಮ್ಮ ಮನೆಯಲ್ಲೂ ಹಾಗೇ ಇತ್ತು. ಮಗನಿಗೆ ಸೋಮಾರಿ ಅಂತ ಬೈದಿದ್ದೂ ಇದೆ. ಈಗ ನೆನೆದರೆ ಸಂಕಟವಾಗುತ್ತದೆ.

ಕಾಯುವುದು, ತಡೆದುಕೊಳ್ಳುವುದು, ಹೇಳಿದ್ದನ್ನು ತಲೆಯಲ್ಲಿ ಇಟ್ಟುಕೊಳ್ಳುವುದು, ಇದೆಲ್ಲ ಹೆಚ್ಚಾಗಿ ಹಣೆಯ ಹಿಂದಿರುವ ಮಿದುಳಿನ ಕೆಲಸ. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಮಿದುಳಿನ ಹೊರಪದರ ಬಲಿಯುವುದು ಸರಾಸರಿ 3 ವರ್ಷ ತಡ ಎಂದು ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಸ್ಕ್ಯಾನ್ ಅಧ್ಯಯನ ತೋರಿಸಿತು. ಆ ತಡ ಜಾಸ್ತಿ ಕಂಡಿದ್ದು ಈ ಮುಂಭಾಗದಲ್ಲೇ. ಹಾಗಾಗಿ ಹತ್ತು ವರ್ಷದ ಮಗು ಏಳರ ಮಗುವಿನಂತೆ ಚಡಪಡಿಸಿದರೆ ಅದು ಹಟ ಅಲ್ಲ.

ಮೊದಲ ಅರ್ಧ ಗಂಟೆ ಪಾಠದ ಮಾತೇ ಬೇಡ. ತಿಂಡಿ ಕೊಡಿ, ಸೈಕಲ್ ಹೊಡೆಯಲು ಬಿಡಿ, ಗಿಡಕ್ಕೆ ನೀರು ಹಾಕಿಸಿ. ಆಟಿಸಂ ಇರುವ ಮಗುವಾದರೆ ಸುತ್ತಲಿನ ಸದ್ದು ಗಮನಿಸಿ. ಮಿಕ್ಸಿ, ಕುಕ್ಕರ್ ಸೀಟಿ, ಟಿವಿ ಸೀರಿಯಲ್ ನಮಗೆ ಕೇಳಿಸುವುದೇ ಇಲ್ಲ, ಆದರೆ ಆ ಮಗುವಿಗೆ ತಲೆ ಸಿಡಿಯುತ್ತದೆ. ಕುತ್ತಿಗೆ ಹತ್ತಿರ ಚುಚ್ಚುವ ಅಂಗಿಯ ಲೇಬಲ್ ಕತ್ತರಿಸಿ.

ಎರಡನೆಯದು, ಒಂದು ಸಲಕ್ಕೆ ಒಂದೇ ಮಾತು. "ಕೈಕಾಲು ತೊಳ್ಕೊಂಡು, ಬಟ್ಟೆ ಬದಲಾಯಿಸಿ, ಡೈರಿ ತಗೊಂಡು ಬಾ" ಅಂದರೆ ಮೂರು ಕೆಲಸ. ಮಗು ಬಚ್ಚಲಲ್ಲೇ ಉಳಿಯುತ್ತದೆ. ಮೂರಕ್ಕೂ ಚಿತ್ರ ಬರೆದು ಗೋಡೆಗೆ ಅಂಟಿಸಿ.

ಆಮೇಲೆ ಪುಸ್ತಕ. ಹತ್ತು ನಿಮಿಷ ಓದು, ಐದು ನಿಮಿಷ ಓಡಾಟ. ನಿಂತುಕೊಂಡು ಬರೆದರೂ ನಡೆಯುತ್ತದೆ.

ಓದಲು ತಡವರಿಸುವ ಮಗುವಿಗೆ ಕನ್ನಡದಲ್ಲಿ ಎಡವುವ ಜಾಗ ಒತ್ತಕ್ಷರ. "ಭಕ್ತಿ" ನೋಡಿ. ಗುಡಿಸು ಇರುವುದು "ಕ" ಮೇಲೆ, ಆದರೆ "ಇ" ಕೇಳಿಸುವುದು ಕೆಳಗಿನ "ತ" ಜೊತೆ. "ಸೂರ್ಯ"ದಲ್ಲಿ "ರ್" ಮೊದಲು ಕೇಳಿಸುತ್ತದೆ, ಬರೆಯುವುದು ಮಾತ್ರ "ಯ" ಆದಮೇಲೆ. ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು. ಹತ್ತು ಸಲ ಬರೆಸಿದರೆ ಸುಮ್ನೆ ಕೈ ನೋವು, ಅಷ್ಟೇ. ತಟ್ಟೆಯಲ್ಲಿ ರವೆ ಹರಡಿ. ಭ, ಕ್, ತಿ ಎಂದು ಒಂದೊಂದೇ ದನಿ ಹೇಳಿಸುತ್ತಾ ಬೆರಳಲ್ಲಿ ಬರೆಸಿ. ಆಮೇಲೆ ಕಾಗದದ ಮೇಲೆ ಒತ್ತನ್ನು ಮಾತ್ರ ಕೆಂಪು ಸ್ಕೆಚ್ ಪೆನ್ನಲ್ಲಿ ಬರೆಸಿ. ಒಂದು ದಿನಕ್ಕೆ ಎರಡು ಪದ ಸಾಕು.

ಇಷ್ಟಾದರೂ ರಂಪವಾದರೆ? "ಯಾಕೆ ಹೀಗೆ ಮಾಡ್ತೀಯ" ಅಂತ ಕೇಳಬೇಡಿ. ಆ ಹೊತ್ತಲ್ಲಿ ಉತ್ತರ ಹುಡುಕುವ ಶಕ್ತಿ ಮಗುವಿಗಿರುವುದಿಲ್ಲ. ದೀಪ ಆರಿಸಿ, ಪಕ್ಕದಲ್ಲಿ ನೆಲಕ್ಕೆ ಕೂರಿ, ದನಿ ತಗ್ಗಿಸಿ. ಮುಟ್ಟಿದರೆ ಕೆಲವು ಮಕ್ಕಳಿಗೆ ಇನ್ನೂ ಕಷ್ಟ. ಉಸಿರು ತಹಬಂದಿಗೆ ಬರಲಿ. ಪಾಠ ನಾಳೆಗಾದರೂ ಪರವಾಗಿಲ್ಲ.

ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. ಮಾತಾಡಿ ಸಲಹೆ ಪಡೆಯಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಮತ್ತು ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಇವೆ, ಎಡಿಎಚ್‌ಡಿ ಹೆಸರಿಲ್ಲ. ಅಂಗವೈಕಲ್ಯದ ಪ್ರಮಾಣಪತ್ರ ಇದ್ದರೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಬಹುದು. ಅದರ ಓಡಾಟವನ್ನು ಹತ್ತನೇ ಕ್ಲಾಸಿನವರೆಗೆ ಮುಂದೂಡಬೇಡಿ, ಎಂಟರಲ್ಲೇ ಶುರು ಮಾಡಿ.