ಕೋಳಿ ಕೂಗುವ ಹೊತ್ತಿಗೆ ಕೆರೆಗೆ ಹೋದದ್ದು

ನಾನು ಕೆಮಿಸ್ಟ್ರಿ ಮೇಡಂ. ಎಂ.ಎಸ್ಸಿ. ಮಕ್ಕಳಿಗೆ ನೀರಿನ ಪರೀಕ್ಷೆ ಹೇಳಿಕೊಡುವುದು ನನ್ನ ಕೆಲಸ. ಅರ್ಥಶಾಸ್ತ್ರದ ಒಬ್ಬರು ಮೇಷ್ಟ್ರು, ಸಮಾಜಶಾಸ್ತ್ರದ ಗೆಳತಿಯೊಬ್ಬಳು, ನಾನು, ಮೂರು ಜನ ಸೇರಿ ಒಂದು ಓಪನ್ ಎಲೆಕ್ಟಿವ್ ಶುರುಮಾಡಿದೆವು. ಒಂದೇ ಕೆರೆ, ಒಂದೇ ಸೆಮಿಸ್ಟರ್, ಮೂರೂ ವಿಭಾಗದ ಮಕ್ಕಳು. ಅದು ಹೇಗಾಯ್ತು ಅಂತ ಕೆಲವರು ಕೇಳಿದರು, ಅದಕ್ಕೆ ಬರೀತಿದ್ದೇನೆ.

ಪರಿಸರದ ಪಾಠ ನಮ್ಮ ಕಾಲೇಜುಗಳಿಗೆ ಹೊಸದೇನಲ್ಲ. 1991ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತು, ಆಮೇಲೆ ಯುಜಿಸಿ ಡಿಗ್ರಿಯವರಿಗೆಲ್ಲ ಆರು ತಿಂಗಳ ಸಿಲಬಸ್ ಮಾಡಿತು. ನಾನೂ ಅದನ್ನು ವರ್ಷಗಟ್ಟಲೆ ಹೇಳಿಕೊಟ್ಟಿದ್ದೇನೆ. ಮಕ್ಕಳು ಓಝೋನ್ ಪದರದ ಚಿತ್ರ ಬಿಡಿಸ್ತಾರೆ, ಅಂಕ ತಗೋತಾರೆ, ಮರೀತಾರೆ. ನಮ್ಮ ಕೋಲಾರದ ಕಡೆ ಮಾತ್ರ ನೀರಿನ ವಿಷಯ ಮರೆಯೋಕಾಗಲ್ಲ. ವರ್ಷಪೂರ್ತಿ ಹರಿಯುವ ನದಿ ಇಲ್ಲದ ಜಿಲ್ಲೆ ಇದು. ಕೆರೆ ಬಿಟ್ಟರೆ ಬೋರ್‌ವೆಲ್, ಬೋರ್‌ವೆಲ್ ಆಳಕ್ಕೆ ಹೋದಷ್ಟೂ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಭಯ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಇಲ್ಲಿನ ಕೆರೆಗಳಿಗೆ ಬಿಡ್ತಿದ್ದಾರೆ. ಯೋಜನೆಯ ಲೆಕ್ಕದಲ್ಲಿ ದಿನಕ್ಕೆ 44 ಕೋಟಿ ಲೀಟರ್. ಬಂದದ್ದು ಒಳ್ಳೆಯದಾಯ್ತು ಅನ್ನುವವರೂ ಇದ್ದಾರೆ, ಮೂರನೇ ಹಂತ ಶುದ್ಧ ಮಾಡದೆ ಬೇಡ ಅನ್ನುವವರೂ ಇದ್ದಾರೆ. ಆ ಜಗಳದ ನಡುವೆ ಮಕ್ಕಳನ್ನು ಕರೆದುಕೊಂಡು ಹೋಗಲು ಧೈರ್ಯ ಬರಲಿಲ್ಲ. ಆ ಯೋಜನೆಯ ನೀರು ಬರದ ಒಂದು ಊರ ಕೆರೆ ಆರಿಸಿಕೊಂಡೆವು.

ಮೊದಲ ತಿಂಗಳು ಹಾಳಾಯ್ತು, ನಿಜ ಹೇಳಬೇಕಲ್ಲ. ಸುಸ್ಥಿರತೆ ಅಂದರೇನು ಅಂತ ಮೂವರೂ ಮೂರು ಥರ ಪಾಠ ಮಾಡಿದೆವು. ಮುಂದಿನವರ ಅಗತ್ಯಕ್ಕೆ ಕುತ್ತು ತರದೆ ಇಂದಿನ ಅಗತ್ಯ ಪೂರೈಸಿಕೊಳ್ಳಬೇಕು ಅನ್ನುವ, ವಿಶ್ವಸಂಸ್ಥೆಯ 1987ರ ಬ್ರಂಟ್‌ಲ್ಯಾಂಡ್ ವರದಿಯ ವ್ಯಾಖ್ಯಾನವನ್ನು ಮೂರು ಸಲ ಕೇಳಿ ಮಕ್ಕಳು ಸುಸ್ತಾದರು. ಅದರ ಮೇಲೆ ಟೈಮ್‌ಟೇಬಲ್ ಗೋಳು. ಒಂದು ಗಂಟೆ ಮೂವರೂ ಕ್ಲಾಸಿನಲ್ಲಿ ಕೂತರೆ ಅದು ಯಾರ ವರ್ಕ್‌ಲೋಡ್? ಕೊನೆಗೆ ಕಾಗದದ ಮೇಲೆ ಗಂಟೆ ಹಂಚಿಕೊಂಡೆವು, ಕೂತದ್ದು ಮಾತ್ರ ಮೂವರೂ. ಇದೊಂದು ಹಟ ನಾವು ಬಿಡಲಿಲ್ಲ. ಸರದಿ ಮೇಲೆ ಬಂದು ಹೋಗಿದ್ದರೆ ಅದು ಮೂರು ಪಾಠ ಆಗುತ್ತಿತ್ತು, ಒಂದಲ್ಲ.

ಇನ್ನೊಂದು ಹಟ, ಮಕ್ಕಳ ಕೆಲಸ ಅದಲು ಬದಲು ಮಾಡಿದ್ದು. ಕೆಮಿಸ್ಟ್ರಿ ಹುಡುಗರು ಊರೊಳಗೆ ಹೋಗಿ ಮಾತಾಡಿಸಬೇಕು, ಸಮಾಜಶಾಸ್ತ್ರದವರು ಬಾಟಲಿ ಹಿಡಿಯಬೇಕು. ನಮ್ಮ ಹುಡುಗರಿಗೆ ಅದು ಅವಮಾನ ಅನ್ನಿಸಿತು. ಸುಮ್ನೆ ಹರಟೆ ಹೊಡೆಯೋದೂ ಒಂದು ಪ್ರಾಕ್ಟಿಕಲ್ಲಾ ಅಂತ ಒಬ್ಬ ಕೇಳಿಯೇ ಬಿಟ್ಟ.

ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವುದಕ್ಕೆ ನಾವು ವಿಂಕ್ಲರ್ ವಿಧಾನ ಬಳಸಿದೆವು. 300 ಮಿ.ಲೀ. ಬಾಟಲಿಯನ್ನು ಒಂದು ಗುಳ್ಳೆಯೂ ಉಳಿಯದ ಹಾಗೆ ತುಂಬಬೇಕು. ಅಲ್ಲೇ ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್ ಹಾಕಬೇಕು, ಕ್ಷಾರ ಬೆರೆಸಿದ ಅಯೋಡೈಡ್ ಹಾಕಬೇಕು, ಬಿರಡೆ ಹಾಕಿ ತಿರುವಿ ತಿರುವಿ ಇಡಬೇಕು. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಕೂರುತ್ತದೆ, ಇಲ್ಲದಿದ್ದರೆ ಬಿಳಿ. ಮಧ್ಯಾಹ್ನ ಮೂರು ಗಂಟೆಗೆ ತೆಗೆದ ಬಾಟಲಿಯಲ್ಲಿ ಗಸಿ ಕಾಫಿಪುಡಿಯಷ್ಟು ಕಂದು. ಲ್ಯಾಬಿಗೆ ತಂದು ಟೈಟ್ರೇಟ್ ಮಾಡಿದರೆ, ಅಂದರೆ ಇನ್ನೊಂದು ದ್ರಾವಣ ಹನಿ ಹನಿ ಬಿಟ್ಟು ಅಳೆದರೆ, ಲೀಟರಿಗೆ 10 ಮಿಲಿಗ್ರಾಂ ಮೇಲೆ ಬಂತು. ನೀರು ಚೆನ್ನಾಗಿದೆ ಅಂತ ಬರೆಸಿದೆ. ಆ ಬಿಸಿಲಿಗೆ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವುದೇ ಏಳೆಂಟು ಮಿಲಿಗ್ರಾಂ, ಉಳಿದದ್ದು ಎಲ್ಲಿಂದ ಬಂತು ಅಂತ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಅಂಕಿ ಜಾಸ್ತಿ ಇದ್ದರೆ ಒಳ್ಳೆಯದು ಅನ್ನೋ ಅಭ್ಯಾಸ.

ಅದೇ ವಾರ ಆ ಹರಟೆ ಹುಡುಗನೇ ತನ್ನ ನೋಟ್‌ಬುಕ್ ಓದಿದ. ಮೀನಿನ ಗುತ್ತಿಗೆ ಹಿಡಿದವರು ಹೇಳಿದ್ದರಂತೆ, ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತವೆ ಅಂತ. ನೀರಿನಲ್ಲಿ ಆಮ್ಲಜನಕ ಸಾಲದಾದರೆ ಮೀನು ಹಾಗೆ ಮಾಡೋದು. ನಾನು ಒಪ್ಪಲಿಲ್ಲ. ನಮ್ಮ ರೀಡಿಂಗ್ ಮುಂದಿದೆಯಲ್ಲ! ಗೆಳತಿ ನಕ್ಕು, ಹೋಗಿ ಅವರನ್ನೇ ಕೇಳೋಣ ನಡಿ ಅಂದಳು. ಅವರು ನನ್ನ ಮಾತೆಲ್ಲ ಕೇಳಿ, "ಮೇಡಂ, ಮಧ್ಯಾಹ್ನ ಬಂದು ನೋಡಿದ್ರೆ ಏನ್ ಗೊತ್ತಾಗ್ತದೆ? ಕೋಳಿ ಕೂಗೋ ಹೊತ್ತಿಗೆ ಬನ್ನಿ" ಅಂದರು.

ಹೇಳುವಷ್ಟು ಸುಲಭ ಇರಲಿಲ್ಲ. ಹೆಣ್ಣುಮಕ್ಕಳನ್ನು ಹಾಸ್ಟೆಲಿನಿಂದ ನಾಲ್ಕು ಗಂಟೆಗೆ ಹೊರಡಿಸಲು ಪತ್ರ, ಸಹಿ, ಮತ್ತೆ ಪತ್ರ. ಒಂದು ಹತ್ತು ದಿನ ಅದಕ್ಕೇ ಹೋಯಿತು. ಐದೂವರೆಗೆ ಏರಿ ಮೇಲೆ ನಿಂತಾಗ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ತೂಬಿನ ಹತ್ತಿರ ಟಾರ್ಚ್ ಬಿಟ್ಟರೆ ನೀರ ಮೇಲೆಲ್ಲ ಪುಟ್ಟ ಪುಟ್ಟ ಬಾಯಿ. ಕಟ್ಲಾ, ರೋಹು, ತುಟಿ ಹೊರಗಿಟ್ಟು ಪಚಪಚ ಸದ್ದು ಮಾಡುತ್ತಿದ್ದವು. ಸಮಾಜಶಾಸ್ತ್ರದ ಹುಡುಗಿಯೊಬ್ಬಳು ಬಾಟಲಿ ತುಂಬಿ ರಾಸಾಯನಿಕ ಹಾಕಿದಳು. ಗಸಿ ಹೆಚ್ಚುಕಮ್ಮಿ ಬಿಳಿ. ನಾನು ತಪ್ಪು ಮಾಡಿದೆನಾ ಮೇಡಂ ಅಂತ ಕೇಳಿದಳು. ಇಲ್ಲಮ್ಮ, ತಪ್ಪು ಮಾಡಿದ್ದು ನಾನು.

ವಿಷಯ ಇಷ್ಟೇ. ನೀರಿನಲ್ಲಿ ಪಾಚಿ ಜಾಸ್ತಿ. ಹಗಲು ಬಿಸಿಲಿಗೆ ಅದು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೂ ಉಸಿರಾಡಿ ಎಲ್ಲ ಎಳೆದುಕೊಳ್ಳುತ್ತದೆ. ಬಿಸಿಲೇರುವ ಮುಂಚೆ ನೋಡಿದರೆ ಏನೂ ಉಳಿದಿರುವುದಿಲ್ಲ. ಇದು ಪುಸ್ತಕದಲ್ಲೇ ಇದೆ, ನಾನೇ ಎಷ್ಟೋ ಸಲ ಪಾಠ ಮಾಡಿದ್ದೇನೆ. ಆದರೆ ಯೂನಿವರ್ಸಿಟಿ ಬಸ್ಸು ಹತ್ತಕ್ಕೆ ಹೊರಟು ಐದಕ್ಕೆ ವಾಪಸ್ ಬರುತ್ತದೆ, ಹಾಗಾಗಿ ನಮ್ಮ ಕೆರೆಗಳೆಲ್ಲ ಹತ್ತರಿಂದ ಐದರವರೆಗಿನ ಕೆರೆಗಳು.

ಪಾಚಿ ಯಾಕೆ ಅಂತ ಹುಡುಕಿದಾಗ ಊರ ಚರಂಡಿ ಸಿಕ್ಕಿತು, ಅದು ನಿರೀಕ್ಷೆ ಇದ್ದದ್ದೇ. ಇನ್ನೊಂದು ಕಾರಣ ಕೋಳಿ ಗೊಬ್ಬರ. ನೀರಿನಲ್ಲಿ ಮೀನಿಗೆ ಮೇವು ಬೆಳೆಯಲಿ ಅಂತ ಗುತ್ತಿಗೆದಾರರು ಚೀಲಗಟ್ಟಲೆ ಸುರಿಯುತ್ತಿದ್ದರು. ನಾನಾಗಿದ್ದರೆ ಜನರಿಗೆ ಅರಿವಿಲ್ಲ, ಜಾಗೃತಿ ಮೂಡಿಸಬೇಕು ಅಂತ ಬರೆದು ಮುಗಿಸುತ್ತಿದ್ದೆ. ಅರ್ಥಶಾಸ್ತ್ರದ ಮೇಷ್ಟ್ರು ಬಿಡಲಿಲ್ಲ. ಗುತ್ತಿಗೆ ಹಣ, ಮರಿ, ಬಲೆ, ಕಾವಲು, ಎಲ್ಲ ಕೂರಿಸಿ ಲೆಕ್ಕ ಹಾಕಿಸಿದರು. ಅವಧಿ ಮುಗಿಯುವುದರೊಳಗೆ ಹಾಕಿದ ದುಡ್ಡು ಎತ್ತಬೇಕು. ಮುಂದಿನ ಸಲ ಕೆರೆ ಯಾರ ಪಾಲಿಗೋ! ಇಂಥಲ್ಲಿ ಗೊಬ್ಬರ ಸುರಿಯದೆ ಇರುವವರು ಯಾರು ಅಲ್ವಾ? ಅರಿವು ಅವರಿಗೆ ನನಗಿಂತ ಚೆನ್ನಾಗೇ ಇತ್ತು.

ಪೇಪರ್ ವ್ಯಾಲ್ಯುಯೇಷನ್ ಕಥೆ ಬೇರೆಯೇ ಇದೆ. ಹೊರಗಿನಿಂದ ಬಂದ ಪರೀಕ್ಷಕರು ಇದು ಯಾವ ಸಬ್ಜೆಕ್ಟ್ ಅಂತ ಕೇಳಿದರು, ಕೆರೆ ಅಂದೆವು.

ಸೆಮಿಸ್ಟರ್ ಕೊನೆಗೆ ಮಕ್ಕಳು ಅರಳಿಕಟ್ಟೆಯ ಹತ್ತಿರ ಚಾರ್ಟ್ ಹಾಕಿ ಊರಿನವರಿಗೆ ವಿವರಿಸಿದರು. ಗುತ್ತಿಗೆದಾರರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: "ಗೊಬ್ಬರ ಅರ್ಧ ಮಾಡಿದ್ರೆ ಮೀನು ಎಷ್ಟು ಕಮ್ಮಿ ಆಗ್ತದೆ, ಅದನ್ನ ಹೇಳಿ." ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಈ ವರ್ಷದ ಬ್ಯಾಚಿಗೆ ಅದೇ ಮೊದಲ ಪ್ರಶ್ನೆ. ವಾರ್ಡನ್‌ಗೆ ಪತ್ರ ಈಗಲೇ ಕೊಟ್ಟಿದ್ದೇನೆ, ಇನ್ನೂ ಸಹಿ ಆಗಿಲ್ಲ.